ರಾಕೆಟ್ ಗಂಗಕ್ಕನ ಹಾರನ್

ಬಿಳಿಗೆರೆಯಿಂದ ತಿಪಟೂರಿಗೆ ಬರುವ ರಸ್ತೆಯಲ್ಲಿ ಗಂಗಲಕ್ಷ್ಮಿಯ ಲಗೇಜ್ ಗಾಡಿಯ ಹಿಂದೆ ಸಿಕ್ಕಿಹಾಕಿಕೊಳ್ಳದ ನರಮನುಷ್ಯ ಆ ಸೀಮೆಯಲ್ಲಿ ಇಲ್ಲ. ಸಿಕ್ಕಿಹಾಕಿಕೊಂಡವರು ಮೊದಲು ಹಾರನ್ ಹೊಡೆಯುತ್ತಾರೆ, ಆಮೇಲೆ ಬಯ್ಯುತ್ತಾರೆ, ಕೊನೆಗೆ ಗಾಡಿಯ ಹಿಂಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿರುವ ಹೆಸರು ಓದಿ ನಗುತ್ತಾರೆ. ಹೆಸರು 'ರಾಕೆಟ್'. ನಗದೆ ಇನ್ನೇನು ಮಾಡಿಯಾರು ಪಾಪ! ಮೇಯಲು ಹೊರಟ ಎಮ್ಮೆಗಳೂ ಆ ಗಾಡಿಯನ್ನು ಹಿಂದೆ ಹಾಕಿದ್ದುಂಟು, ಖಂಡಿತ ಸುಳ್ಳಲ್ಲ.

ಆದರೆ ಆ ನಿಧಾನಕ್ಕೆ ಕಾರಣ ಗಂಗಲಕ್ಷ್ಮಿಯಲ್ಲ, ಗಾಡಿಯೂ ಅಲ್ಲ, ಕೊಬ್ಬರಿ. ತೆಂಗಿನಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಕೂತು, ತನ್ನ ಪಾಡಿಗೆ ತಾನು ಒಣಗಿ, ಚಿಪ್ಪಿನೊಳಗೇ ಉಂಡೆಯಾಗಬೇಕು. ಅವಸರ ಅನ್ನುವುದು ಅದರ ಜಾತಕದಲ್ಲೇ ಬರೆದಿಲ್ಲ. ಅಷ್ಟು ಕಾಲ ಕಾದು, ಸುಲಿದು, ಚಿಪ್ಪು ಬಿಡಿಸಿ ಮೂಟೆ ಕಟ್ಟಿದ ಮೇಲೆ ದಾರಿಯಲ್ಲಿ ಗಾಡಿ ಒಂದು ಹಂಪ್ಸ್ ಮೇಲೆ ಎಗರಿತೋ, ಉಂಡೆ ಒಡೆದು ಹೋಳಾಗುತ್ತದೆ. ಹೋಳಾದದ್ದನ್ನು ಮಂಡಿಯವರು ಮೂಗು ಮುರಿದೇ ನೋಡುವುದು. ಗಂಗಲಕ್ಷ್ಮಿಯ ಗಾಡಿಯಲ್ಲಿ ಉಂಡೆ ಒಡೆಯುವುದಿಲ್ಲ ಎಂಬ ನಂಬಿಕೆ ಸುತ್ತಲಿನ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿತ್ತು. ಹಾಗಾಗಿ ಅರಳಗುಪ್ಪೆ ಕಡೆಯವರೂ ಅವಳಿಗೇ ಫೋನು ಮಾಡುತ್ತಿದ್ದರು.

ಹಾಗಿದ್ದ ಮೇಲೆ ರಾಕೆಟ್ ಅಂತ ಯಾಕೆ ಬರೆಸಿದಳು, ಕೊಬ್ಬಾ? ಕೊಬ್ಬಲ್ಲ ಸ್ವಾಮಿ. ಹೈಸ್ಕೂಲಿನಲ್ಲಿದ್ದಾಗ ಗಂಗಲಕ್ಷ್ಮಿ ಓಡುತ್ತಿದ್ದಳು. ಎಂಥ ಓಟ ಅಂತೀರಿ! ತಾಲ್ಲೂಕು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ, ಎರಡನೆಯವಳು ಇನ್ನೂ ತಿರುವಿನಲ್ಲಿ ಏದುಸಿರು ಬಿಡುತ್ತಿರುವಾಗಲೇ ಗೆರೆ ದಾಟಿ ನಿಂತು ಸೀಬೆಹಣ್ಣು ಕಚ್ಚುತ್ತಿದ್ದಳಂತೆ. ರಾಕೆಟ್ ಅಂತ ಹೆಸರಿಟ್ಟದ್ದು ಪಿ.ಟಿ. ಮೇಷ್ಟ್ರು. ಜಿಲ್ಲಾ ಮಟ್ಟಕ್ಕೆ ಅವಳ ಹೆಸರೂ ಹೋಯಿತು. ಅಷ್ಟರಲ್ಲಿ ಹುಡುಗಿ ದೊಡ್ಡವಳಾದಳು. ತಾಯಿ ಚಿಕ್ಕಗೌರಮ್ಮ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

"ವಯಸ್ಸಿಗ್ ಬಂದ ಹೆಣ್ಣು ನಾಕ್ ಜನದ್ ಮುಂದೆ ಲಂಗ ಎತ್ಕೊಂಡು ಓಡದಾ? ತೆಪ್ಪಗೆ ಮನೇಲಿರು."

ತೆಪ್ಪಗಿದ್ದಳು. ಮದುವೆಯಾಯಿತು, ಗಂಡ ಶಿವರಾಜು ಮನೆಯಳಿಯನಾಗಿ ಬಂದ. ಅವನಿಗೆ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ವರ್ಷಗಳು ಕಳೆದು ಗಂಗಲಕ್ಷ್ಮಿ ಡ್ರೈವಿಂಗ್ ಕಲಿತು ಗಾಡಿ ತೆಗೆದುಕೊಂಡ ದಿನ, ಹಿಂದೆ ಏನು ಬರೆಯಲಿ ಎಂದು ಪೇಂಟರ್ ಕೇಳಿದ. ಯಾವುದಾದರೂ ದೇವರ ಹೆಸರು ಹೇಳುತ್ತಾಳೆ ಅಂತ ಎಲ್ಲರೂ ಕಾದರು. ಅವಳ ಬಾಯಿಂದ ಬಂದದ್ದು ಆ ಒಂದೇ ಪದ. ಓಟ ಹೋಗಿತ್ತು, ಹೆಸರಾದರೂ ಇರಲಿ ಅನ್ನಿಸಿತ್ತು ಅವಳಿಗೆ.

ಇನ್ನು ಅವಳ ಹಾರನ್ ವಿಷಯ. ಅದನ್ನು ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ಆ ಕಡೆ ರಸ್ತೆಯ ಎರಡೂ ಬದಿಗೆ ತೆಂಗಿನ ತೋಟ, ತೋಟದ ಅಂಚಿಗೆ ಬೇಲಿ, ಬೇಲಿ ಮುಗಿದ ಕಡೆ ತಿರುವು. ತಿರುವಿನಾಚೆ ಹಸು ಇರಬಹುದು, ಸೈಕಲ್ಲಿರಬಹುದು, ಗರಿ ಹೊತ್ತ ಎತ್ತಿನ ಗಾಡಿ ಇರಬಹುದು, ಕಾಣುವುದು ಮಾತ್ರ ಏನೂ ಇಲ್ಲ. ಹಾರನ್ ಹೊಡೆಯದೆ ತಿರುಗಿಸುವವನನ್ನು ಅಲ್ಲಿ ಹುಚ್ಚ ಅನ್ನುತ್ತಾರೆ. ಗಂಗಲಕ್ಷ್ಮಿಗಂತೂ ಬಲಗೈ ಸ್ಟೀರಿಂಗ್ ತಿರುಗಿಸಲು ಹೊರಟಿತೆಂದರೆ ಎಡಗೈ ತಾನಾಗಿಯೇ ಹಾರನ್ ಒತ್ತಿರುತ್ತಿತ್ತು. ಉಸಿರಾಡಲು ಯಾರಾದರೂ ಯೋಚನೆ ಮಾಡುತ್ತಾರೆಯೇ, ಹಾಗೆ.

ಒಂದು ದಿನ ಮಂಡಿಯಲ್ಲಿ ಮೂಟೆ ಇಳಿಸಿ ಬರುವಾಗ ಕ್ಲಚ್ ಕೇಬಲ್ ಕಿತ್ತುಹೋಯಿತು. ಗಾಡಿಯನ್ನು ತಳ್ಳಿಸಿಕೊಂಡು ಮಜೀದ್ ಸಾಬರ ಗ್ಯಾರೇಜಿಗೆ ಬಂದಳು. ಗ್ಯಾರೇಜಿನ ಪಕ್ಕದ ಮಳಿಗೆಯಲ್ಲಿ ಸಾಬರ ಮಗ ಕಾಮ್ರಾನ್ ಗೇಮ್ ಸೆಂಟರ್ ಇಟ್ಟಿದ್ದ. ಒಳಗೆ ದೊಡ್ಡ ಟಿ.ವಿ.ಗಳು, ಅವುಗಳ ಮುಂದೆ ಕಾರಿನ ಸೀಟು, ಸ್ಟೀರಿಂಗು, ಪೆಡಲ್ಲು. ಬಿಸಿಲಿನಲ್ಲಿ ನಿಂತಿದ್ದ ಗಂಗಲಕ್ಷ್ಮಿಯನ್ನು ಅವನೇ ಕರೆದ.

"ಅಕ್ಕಾ, ನಮ್ ಅಬ್ಬಾ ಕೈಗೆ ಗಾಡಿ ಸಿಕ್ತು ಅಂದ್ರೆ ಹೊತ್ತಾಯ್ತದೆ. ಒಳಗ್ ಬನ್ನಿ, ಫ್ಯಾನಿದೆ. ಸುಮ್ನೆ ಕೂತಿರೋ ಬದ್ಲು ಒಂದಾಟ ಆಡಿ."

"ಅಯ್ಯೋ ನಂಗ್ಯಾಕಪ್ಪ ಹುಡುಗ್ರಾಟ" ಎನ್ನುತ್ತಲೇ ಕೂತಳು. ಕಾಲು ಪೆಡಲ್ಲಿನ ಮೇಲೆ ಬಿತ್ತು. ಟಿ.ವಿ.ಯಲ್ಲಿ ಕೆಂಪು ಕಾರು ಗುರ್ರೆಂದಿತು. ಮೂಲೆಯಲ್ಲಿ ನಂಬರು ಏರತೊಡಗಿತು, ಎಂಬತ್ತು, ನೂರು, ನೂರಾ ಅರವತ್ತು, ಇನ್ನೂರು. ಹಂಪ್ಸ್ ಇಲ್ಲ! ಹಿಂದೆ ಕೊಬ್ಬರಿ ಮೂಟೆ ಇಲ್ಲ! ಮೊದಲ ಸಲ ಗೋಡೆಗೆ ಗುದ್ದಿದಾಗ ಮೂಟೆ ಬಿದ್ದವೇನೋ ಎಂದು ತಿರುಗಿ ನೋಡಿದಳು, ಹುಡುಗರೆಲ್ಲ ನಕ್ಕರು. ಎರಡನೆಯ ಸಲ ಗುದ್ದಲಿಲ್ಲ. ರಸ್ತೆ ಅವಳ ಕಡೆಗೆ ನುಗ್ಗಿ ಬರುತ್ತಿತ್ತು, ಕಿವಿಯಲ್ಲಿ ಗಾಳಿ ಸದ್ದು. ಫ್ಯಾನಿನದ್ದೇ ಇರಬಹುದು, ಇರಲಿ. ಹೈಸ್ಕೂಲಿನ ಮೈದಾನದಲ್ಲಿ ಕೊನೆಯ ತಿರುವು ಮುಗಿಸಿ ನೇರಕ್ಕೆ ಬಿದ್ದಾಗ ಹೊಟ್ಟೆಯೊಳಗೆ ಆಗುತ್ತಿದ್ದ ಆ ಕಚಗುಳಿ, ಇಷ್ಟು ವರ್ಷಕ್ಕೆ ಮತ್ತೆ ಆಯಿತು. ಮಜೀದ್ ಸಾಬರು ಬಂದು ಗಾಡಿ ರೆಡಿ ಅಂದರೂ ಅವಳಿಗೆ ಕೇಳಿಸಲಿಲ್ಲ.

ಅಲ್ಲಿಂದ ಮುಂದೆ ಮಂಡಿಗೆ ಬಂದ ದಿನವೆಲ್ಲ ಮೂಟೆ ಇಳಿಸಿದ ಮೇಲೆ ಒಂದಷ್ಟು ಹೊತ್ತು ಕಾಮ್ರಾನನ ಅಂಗಡಿ. ನಲವತ್ತು ದಾಟಿದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಹುಡುಗರ ಮಧ್ಯೆ ಕಾರು ಓಡಿಸುವುದನ್ನು ನೋಡಲು ಪಕ್ಕದ ಟೈಲರ್ ಅಂಗಡಿಯವರು ಮಿಷನ್ ನಿಲ್ಲಿಸಿ ಬರುತ್ತಿದ್ದರು. ಸ್ಟೀರಿಂಗಿನ ನಡುವಿನ ಗುಂಡಿ ಒತ್ತಿದರೆ ಆಟದ ಕಾರಿಗೂ ಹಾರನ್ ಆಗುತ್ತಿತ್ತು. ರೇಸಿನಲ್ಲಿ ಹಾರನ್ ಯಾವನಿಗೆ ಬೇಕು? ಗಂಗಲಕ್ಷ್ಮಿಗೆ ಬೇಕು. ತಿರುವು ಬಂತೋ, ಪೀಂ! ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ನಗುನಗುತ್ತಲೇ ಒಬ್ಬೊಬ್ಬರಾಗಿ ಅವಳ ಕೈಯಲ್ಲಿ ಸೋತರು.

ಸೋಲದೆ ಉಳಿದವನು ಮೋಕ್ಷಿತ್. ಕೊಬ್ಬರಿ ಮಂಡಿಯ ಮಲ್ಲಿಕಾರ್ಜುನಯ್ಯನವರ ಮಗ, ಕಾಲೇಜು ಹುಡುಗ, ಕೆಟ್ಟವನೇನಲ್ಲ, ನಾಲಿಗೆ ಸ್ವಲ್ಪ ಉದ್ದ. ಒಂದು ದಿನ ಬೆಳಿಗ್ಗೆ ಅವನ ಹೊಸ ಬೈಕು ಗಂಗಲಕ್ಷ್ಮಿಯ ಗಾಡಿಯ ಹಿಂದೆ ಸಿಕ್ಕಿಕೊಂಡು ಕಾಲೇಜಿಗೆ ತಡವಾಗಿತ್ತು. ಕಾಮ್ರಾನನ ಅಂಗಡಿಗೆ ಬಂದಾಗಲೂ ಆ ಸಿಟ್ಟು ಮೂಗಿನ ಮೇಲೇ ಇತ್ತು.

"ಅಲ್ಲಾ ಗಂಗಕ್ಕ, ಅದ್ಯಾವ್ ಬಾಯಲ್ಲಿ ರಾಕೆಟ್ ಅಂತ ಬರ್ಸಿದೀಯ? ಆಮೆ ಅಂತ ಬರ್ಸು. ಬೇಕಾದ್ರೆ ನಾನೇ ಬರೀತೀನಿ, ಪುಕ್ಕಟೆ."

ಎಲ್ಲರೂ ಹೋ ಎಂದು ನಕ್ಕರು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಅವತ್ತು ಯಾಕೋ ಆ ಮಾತು ಚುರುಕ್ ಎಂದಿತು.

"ಬರಿ ಕಣ್ಲಾ. ಆದ್ರೆ ಸುಮ್ ಸುಮ್ನೆ ಅಲ್ಲ. ಈ ಆಟದಲ್ಲಿ ನನ್ನ ಸೋಲಿಸ್ಬುಟ್ಟು ಬರಿ. ಸೋತ್ರೆ ರಾಕೆಟ್ ಅನ್ನೋದ್ನ ನಾನೇ ಕೆರೆದು ಅಳಿಸಿ ಕೊಡ್ತೀನಿ."

"ನೀನ್ ಗೆದ್ರೆ?"

"ಗೆದ್ರೆ ನಿನ್ ಬೈಕಿನ್ ಹಿಂದೆ ಬರಸ್ಬೇಕು, ರಾಕೆಟ್ ಅಕ್ಕನ ಶಿಷ್ಯ ಅಂತ."

ಪಂದ್ಯ ಭಾನುವಾರಕ್ಕೆ ನಿಗದಿಯಾಯಿತು. ಮೂರು ರೇಸು, ಎರಡು ಗೆದ್ದವರದ್ದೇ ಗೆಲುವು. ಮನೆಗೆ ಬರುವ ದಾರಿಯಲ್ಲಿ ಗಂಗಲಕ್ಷ್ಮಿ ತನ್ನನ್ನೇ ಬೈದುಕೊಂಡಳು. ಬಾಯಿ ತಪ್ಪಿ ಏನನ್ನು ಒತ್ತೆ ಇಟ್ಟೆನಲ್ಲಪ್ಪ! ಅವಳ ಹತ್ತಿರ ಕಪ್ಪಿರಲಿಲ್ಲ, ಪದಕವಿರಲಿಲ್ಲ, ಓಡುತ್ತಿದ್ದಾಗಿನ ಒಂದು ಫೋಟೊ ಕೂಡ ಇರಲಿಲ್ಲ. ಇದ್ದದ್ದು ಆ ಹೆಸರೊಂದೇ. ಅದೂ ಹೋದರೆ ತಾನು ಒಂದು ಕಾಲಕ್ಕೆ ಗಾಳಿಯ ಹಾಗೆ ಓಡಿದ್ದೆ ಎನ್ನುವುದಕ್ಕೆ ಭೂಮಿಯ ಮೇಲೆ ಏನೂ ಉಳಿಯುವುದಿಲ್ಲ.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಕಾಮ್ರಾನ್ ಜಾತ್ರೆಯನ್ನೇ ಮಾಡಿಟ್ಟಿದ್ದ. ಟಿ.ವಿ.ಗಳನ್ನು ಅಂಗಡಿಯ ಜಗಲಿಗೆ ತಂದು, ಬಿಸಿಲು ಬೀಳದ ಹಾಗೆ ಶಾಮಿಯಾನ ಕಟ್ಟಿಸಿದ್ದ. ಬೆಂಗಳೂರಿನಿಂದ ಹೊಸ ಸ್ಟೀರಿಂಗ್ ಜೋಡಿ ತರಿಸಿದ್ದ. ಬೀದಿಯ ಮೆಕ್ಯಾನಿಕ್ಕುಗಳು, ಟೈಲರುಗಳು, ಮಂಡಿಯ ಹಮಾಲಿಗಳು ಎಲ್ಲ ಸೇರಿದ್ದರು. ಶಿವರಾಜುವಿಗೆ ಶಿಫ್ಟು, ಬಂದಿರಲಿಲ್ಲ. ಚಿಕ್ಕಗೌರಮ್ಮನಿಗೆ ಗಂಗಲಕ್ಷ್ಮಿ ಹೇಳಿಯೇ ಇರಲಿಲ್ಲ. ಹೇಳಿದ್ದರೆ ಆ ಮುದುಕಿ ಬಿಡುತ್ತಿತ್ತೇ?

ಮೊದಲ ರೇಸು ಶುರುವಾಯಿತು. ಗಂಗಲಕ್ಷ್ಮಿಯ ಕಾರು ಬಾಣದ ಹಾಗೆ ಹೊರಟು ಮೋಕ್ಷಿತನನ್ನು ಹಿಂದೆ ಹಾಕಿತು. ಮೊದಲ ತಿರುವು ಬಂತು. ಬಲಗೈ ತಿರುಗಿಸಿತು, ಎಡಗೈ ನಡುವಿನ ಗುಂಡಿ ಒತ್ತಿತು. ಹಾರನ್ ಆಗಲಿಲ್ಲ. ಕಾರು ಕಿರ್ರೆಂದು ಬುಗುರಿಯ ಹಾಗೆ ಗಿರಕಿ ಹೊಡೆದು ಬೇಲಿಗೆ ಅಡ್ಡ ನಿಂತಿತು! ಏನಾಯಿತೆಂದು ತಿಳಿಯದೆ ಮತ್ತೆ ಹೊರಡಿಸಿದಳು, ಮುಂದಿನ ತಿರುವಿನಲ್ಲಿ ಮತ್ತೆ ಗಿರಕಿ. ಮೋಕ್ಷಿತ್ ಗೆರೆ ದಾಟಿದಾಗ ಅವಳ ಕಾರು ಇನ್ನೂ ಅರ್ಧ ದಾರಿಯಲ್ಲಿ ಉಲ್ಟಾ ಮುಖ ಮಾಡಿಕೊಂಡು ನಿಂತಿತ್ತು. ಜನ ನಕ್ಕರು.

ಕಾಮ್ರಾನ್ ಬಗ್ಗಿ ನೋಡಿ ತಲೆ ಚಚ್ಚಿಕೊಂಡ. "ಅರೆ ಅಕ್ಕಾ, ಈ ಹೊಸ ಸ್ಟೀರಿಂಗಲ್ಲಿ ಆ ಗುಂಡಿ ಹ್ಯಾಂಡ್‌ಬ್ರೇಕು! ಹಾರನ್ನೇ ಇಲ್ಲ ಇದ್ರಲ್ಲಿ. ಮೊದ್ಲೇ ಹೇಳ್ಬೇಕಿತ್ತು, ನಂದೇ ತಪ್ಪು. ತಾಳಿ, ಹಳೇದ್ ಹಾಕ್ಕೊಡ್ತೀನಿ."

"ಅದೆಲ್ಲ ಆಗಲ್ಲ" ಎಂದ ಮೋಕ್ಷಿತ್. "ಇಬ್ರಿಗೂ ಒಂದೇ ಥರದ್ದು. ನಾನೇನ್ ಹಾರನ್ ಕೇಳಿದ್ನಾ?"

ಮಾತು ನ್ಯಾಯವಾದದ್ದೇ. ಗಂಗಲಕ್ಷ್ಮಿ ಬೆವರು ಒರೆಸಿಕೊಂಡಳು. "ಇರ್ಲಿ ಬುಡಪ್ಪ. ಒತ್ತದಿದ್ರಾಯ್ತು" ಎಂದಳು. ಹೇಳಿದಷ್ಟು ಸುಲಭವೇ ಅದು?

ಅಷ್ಟರಲ್ಲಿ ಗುಂಪು ಸೀಳಿಕೊಂಡು ಒಂದು ಕೊಡೆ ಬಂತು. ಕೊಡೆಯ ಕೆಳಗೆ ಚಿಕ್ಕಗೌರಮ್ಮ. ಗಂಗಿ ಪೇಟೆ ಹುಡುಗರ ಜೊತೆ ಅದೇನೋ ಪಂದ್ಯ ಕಟ್ಟಿದ್ದಾಳೆ ಎಂದು ಯಾರೋ ಪುಣ್ಯಾತ್ಮರು ಕಿವಿಗೆ ಹಾಕಿದ್ದರು. ಮುದುಕಿ ಬಸ್ಸು ಹತ್ತಿ ನೇರವಾಗಿ ಬಂದಿದ್ದರು.

"ಏನೇ ಗಂಗೀ ಇದು! ಮಾನ ಮರ್ಯಾದೆ ಐತಾ ನಿಂಗೆ? ಏಳು ಮ್ಯಾಕೆ!"

ಗಂಗಲಕ್ಷ್ಮಿ ಏಳಲಿಲ್ಲ. ತಾಯಿಯ ಮಾತಿಗೆ ಅವಳು ಏಳದೆ ಕೂತದ್ದು ಅದೇ ಮೊದಲು. ಸ್ಟೀರಿಂಗ್ ಬಿಡದೆ, ತಿರುಗಿಯೂ ನೋಡದೆ ಹೇಳಿದಳು. "ಆವತ್ ನೀನ್ ಮನೇಲಿರು ಅಂದೆ, ಇದ್ದೆ. ಇವತ್ ಏಳಲ್ಲ ಕಣವ್ವ. ಸೋತ್ರೂ ಇಲ್ಲೇ ಕೂತ್ಕೊಂಡ್ ಸೋಲ್ತೀನಿ."

ಮಜೀದ್ ಸಾಬರು ಒಂದು ಕುರ್ಚಿ ತಂದು ಹಾಕಿ, "ಕೂತ್ಕೊಳ್ಳಿ ಅಮ್ಮ, ಬಿಸಿಲು" ಎಂದರು. ಚಿಕ್ಕಗೌರಮ್ಮ ಕೂತರು, ಮುಖ ಮಾತ್ರ ಊದಿಕೊಂಡೇ ಇತ್ತು.

ಎರಡನೆಯ ರೇಸು. ಗಂಗಲಕ್ಷ್ಮಿ ಎಡಗೈಯನ್ನು ಬಿಗಿ ಹಿಡಿದಳು. ಗುಂಡಿ ಒತ್ತಲಿಲ್ಲ, ಸರಿ. ಆದರೆ ತಿರುವು ಬಂದಾಗಲೆಲ್ಲ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಹಾರನ್ ಮಾಡದೆ ನುಗ್ಗುವುದು ಕಣ್ಣು ಮುಚ್ಚಿಕೊಂಡು ಬಾವಿಗೆ ಹಾರಿದ ಹಾಗೆ. ಆಚೆ ಹಸು ಇದ್ದರೆ? ಆಟದಲ್ಲಿ ಎಲ್ಲಿಯ ಹಸು! ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಮೋಕ್ಷಿತ್ ಮುಂದಾದ. ಇನ್ನೂ ಮುಂದಾದ. ಹೆಸರು ಹೋಯಿತು, ಕೈ ಬಿಟ್ಟು ಹೋಯಿತು! ಮುಂದೆ ದೊಡ್ಡದೊಂದು ತಿರುವು ಕಂಡಿತು. ಅವಳಿಗೇ ಗೊತ್ತಿಲ್ಲದೆ ಬಾಯಿಂದ ಗಟ್ಟಿಯಾಗಿ ಹೊರಬಿತ್ತು.

"ಪೀಂಂಂ!"

ಬೀದಿಯೇ ಬೆಚ್ಚಿತು. ಕಾಲು ಬ್ರೇಕಿಗೆ ಹೋಗಲಿಲ್ಲ! ಕಾರು ತಿರುವನ್ನು ಒರಸಿಕೊಂಡು ಸೊಂಯ್ ಎಂದು ದಾಟಿತು. ಮುಂದಿನ ತಿರುವಿಗೆ ಬೇಕೆಂದೇ ಬಾಯಿ ಬಿಟ್ಟಳು. "ಪೀಂ ಪೀಂ!" ಅದೂ ದಾಟಿತು. ಅವಳ ಮುಖದಲ್ಲಿ ನಗು ಕಾಣಿಸಿಕೊಂಡಿತು. ತಿರುವಿಗೊಂದು ಹಾರನ್ನು, ಹಾರನ್ನಿಗೊಂದು ತಿರುವು, ಮೋಕ್ಷಿತನ ಕಾರು ಹತ್ತಿರವಾಯಿತು, ಪಕ್ಕವಾಯಿತು, ಗೆರೆ ಹತ್ತಿರ ಬರುವ ಹೊತ್ತಿಗೆ ಗೇಣುದ್ದ ಹಿಂದಾಯಿತು.

"ಚೀಟಿಂಗು!" ಮೋಕ್ಷಿತ್ ಎದ್ದು ನಿಂತ. "ಕಿವೀಲಿ ಕಿರುಚಿದ್ರೆ ನಾನ್ ಹೆಂಗ್ ಓಡ್ಸದು?"

ಕಾಮ್ರಾನ್ ಸೊಂಟದ ಮೇಲೆ ಕೈ ಇಟ್ಟುಕೊಂಡ. "ಬಾಯ್ ಮುಚ್ಕೊಂಡು ಓಡಿಸ್ಬೇಕು ಅಂತ ರೂಲ್ಸಲ್ಲಿ ಎಲ್ಲೈತಪ್ಪ? ನೀನೂ ಹೊಡಿ ಹಾರನ್ನು, ಬ್ಯಾಡ ಅಂದೋರ್ಯಾರು?"

ಜನರ ಶಿಳ್ಳೆ, ಚಪ್ಪಾಳೆ. ಮೋಕ್ಷಿತನಿಗೂ ನಗು ತಡೆಯಲಾಗದೆ ಕೂತುಕೊಂಡ.

ಮೂರನೆಯ ರೇಸಿನ ಹೊತ್ತಿಗೆ ಬೀದಿ ಬೀದಿಯೇ ತಯಾರಾಗಿತ್ತು. ಮೊದಲ ತಿರುವಿಗೆ ಗಂಗಲಕ್ಷ್ಮಿ ಪೀಂ ಎಂದದ್ದೇ ತಡ, ಮೆಕ್ಯಾನಿಕ್ಕುಗಳೂ ಪೀಂ ಎಂದರು. ಎರಡನೆಯದಕ್ಕೆ ಟೈಲರುಗಳು ಸೇರಿದರು. ಹಮಾಲಿಗಳು ಲಾರಿ ಹಾರನ್ ತೆಗೆದರು, ಪೋಂಂಂ! ಗ್ಯಾರೇಜಿನಲ್ಲಿ ನಿಂತಿದ್ದ ಗಾಡಿಗಳ ಹಾರನ್ನನ್ನು ಯಾರೋ ನಿಜವಾಗಿಯೇ ಒತ್ತಿದರು. ಅಷ್ಟೆಲ್ಲ ಗಲಾಟೆಯಲ್ಲೂ ಮೋಕ್ಷಿತ್ ಕದಲಲಿಲ್ಲ, ಹುಡುಗ ನಿಜಕ್ಕೂ ಗಟ್ಟಿಗ. ಎರಡೂ ಕಾರು ಚಕ್ರಕ್ಕೆ ಚಕ್ರ ಉಜ್ಜಿಕೊಂಡು ಓಡುತ್ತಿದ್ದವು. ಕೊನೆಯ ತಿರುವಿನಲ್ಲಿ ಅವನು ಒಳಗಡೆಯಿಂದ ನುಗ್ಗಿ ಮುಂದೆ ಹೋದ. ಇನ್ನು ಉಳಿದದ್ದು ಬರೀ ನೇರ ದಾರಿ. ಹಾರನ್ ಹೊಡೆಯಲು ತಿರುವೂ ಇಲ್ಲ.

ಆಗ ಹಿಂದಿನಿಂದ ಒಂದು ದನಿ ಬಂತು. ಎಲ್ಲ ಹಾರನ್ನುಗಳನ್ನೂ ಮೀರಿಸಿದ ಹೆಂಗಸಿನ ದನಿ.

"ಓಡೇ ಗಂಗೀ! ಓಡೇ! ಬುಡಬ್ಯಾಡ ಕಣೇ, ಓಡೂ!"

ಚಿಕ್ಕಗೌರಮ್ಮ ಕುರ್ಚಿ ಬಿಟ್ಟು ಎದ್ದಿದ್ದರು. ಕೊಡೆ ಎಲ್ಲೋ ಬಿದ್ದಿತ್ತು, ಸೆರಗು ಜಾರಿತ್ತು, ಎರಡೂ ಮುಷ್ಟಿ ಗಾಳಿಯಲ್ಲಿದ್ದವು. ಗಂಗಲಕ್ಷ್ಮಿಗೆ ಕಣ್ಣು ಮಂಜಾಯಿತು. ಅವಳ ಪಾದ ಪೆಡಲ್ಲನ್ನು ನೆಲಕ್ಕೆ ಒತ್ತಿ ಹಿಡಿಯಿತು. ಆ ಕ್ಷಣಕ್ಕೆ ಅಲ್ಲಿ ಸೀಟೂ ಇರಲಿಲ್ಲ, ಟಿ.ವಿ.ಯೂ ಇರಲಿಲ್ಲ, ಬರಿಗಾಲಿನ ಕೆಳಗೆ ಕೆಮ್ಮಣ್ಣಿತ್ತು. ನಂಬರು ಏರಿತು, ಏರಿತು, ಮೋಕ್ಷಿತನ ಕಾರು ಪಕ್ಕಕ್ಕೆ ಬಂತು, ಕಿಟಕಿಯ ನೇರಕ್ಕೆ ಬಂತು, ಆಮೇಲೆ ಕಾಣಲಿಲ್ಲ.

ಗೆದ್ದಳು! ಹಮಾಲಿಗಳು ಅವಳನ್ನು ಸೀಟಿನ ಸಮೇತ ಎತ್ತಲು ಹೋದರು. ಕಾಮ್ರಾನ್, "ಸೀಟು ಕಿತ್ಕೊಂಡ್ ಬತ್ತದೆ, ಬುಡ್ರೋ!" ಎಂದು ಬೊಬ್ಬೆ ಹಾಕಿದ. ಮೋಕ್ಷಿತ್ ಬಂದು ಕೈ ಮುಗಿದು, "ಒಪ್ಪಿದೆ ಗಂಗಕ್ಕ. ಪೇಂಟರ್‌ನ ನಾನೇ ಕರ್ಕೊಂಡ್ ಬತ್ತೀನಿ. ಅಕ್ಷರ ಮಾತ್ರ ಸಣ್ಣಕ್ ಬರ್ಸು, ಕಾಲೇಜಲ್ಲಿ ಮರ್ಯಾದೆ ಹೋಯ್ತದೆ" ಎಂದ. ಅವಳು ಅವನ ತಲೆಗೊಂದು ಮೊಟಕಿದಳು. ಬೀದಿಯವರೆಲ್ಲ ರಾಕೆಟ್ ರಾಕೆಟ್ ಎಂದು ಕೂಗುತ್ತಿದ್ದರು.

ಚಿಕ್ಕಗೌರಮ್ಮ ಅದುವರೆಗೆ ಒಂದು ದಿನವೂ ಮಗಳ ಗಾಡಿ ಹತ್ತಿದವರಲ್ಲ. ಹೆಂಗಸು ಓಡಿಸುವ ಗಾಡಿ ಎಂದು ಬಸ್ಸಿಗೇ ಹೋಗುತ್ತಿದ್ದರು. ಅವತ್ತು ತಾವಾಗಿಯೇ ಮುಂದಿನ ಬಾಗಿಲು ತೆರೆದು ಹತ್ತಿ ಕೂತರು. ಗಾಡಿ ಊರು ದಾಟಿ ತೋಟಗಳ ನಡುವೆ ಬಂತು. ಚಿಕ್ಕಗೌರಮ್ಮ ರಸ್ತೆಯನ್ನೇ ನೋಡುತ್ತಾ ಹೇಳಿದರು.

"ಆಗ ನೀನ್ ಓಡ್ತಿದ್ದೆಯಲ್ಲ ಗಂಗೀ... ನಾನ್ ಒಂದ್ ದಿನಾನೂ ಬಂದು ನೋಡ್ನಿಲ್ಲ ಕಣೇ. ಹಿಂಗಿರ್ತದೆ ಅಂತ ನಂಗೇನ್ ಗೊತ್ತು."

ಗಂಗಲಕ್ಷ್ಮಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮುಂದೆ ರಸ್ತೆ ನೇರಕ್ಕೆ ಬಿದ್ದಿತ್ತು, ಹಿಂದೆ ಗಾಡಿ ಖಾಲಿ ಇತ್ತು.

"ಗಟ್ಟಿಯಾಗ್ ಹಿಡ್ಕೊಳವ್ವ" ಎಂದು ಆಕ್ಸಿಲರೇಟರ್ ಒತ್ತಿದಳು. ತೆಂಗಿನ ಮರಗಳು ಸರಸರನೆ ಹಿಂದಕ್ಕೆ ಓಡತೊಡಗಿದವು. ಚಿಕ್ಕಗೌರಮ್ಮನ ನರೆಗೂದಲು ಗಾಳಿಗೆ ಬಿಚ್ಚಿಕೊಂಡಿತು. ಅವರು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲಿಲ್ಲದ ಬಾಯಿ ತುಂಬ ನಗುತ್ತಾ ಮಗಳ ಕಡೆ ತಿರುಗಿದರು.

"ಇನ್ನೂ ಜೋರಾಗ್ ಹೋಯ್ತದೇನೇ ಇದು?"